‘ಮಾಡಿಸಿದಂ’ ಎಂಬುದರ ಹಿಂದೆ: ಗೊಮ್ಮಟ ಬಿಂಬಗಳ ನಿರ್ಮಾಣಕ್ರಮ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳನ್ನೊಳಗೊಂಡ ಮೈಸೂರು ಜಿಲ್ಲೆಯ ಪಶ್ಚಿಮ ಭಾಗವು ಜೈನಧರ್ಮದ ಇತಿಹಾಸದಲ್ಲಿ ವಿಶಿಷ್ಟ ಸ್ಥಾನವನ್ನು ಪಡೆದಿದೆ. ಗಂಗರ ಕಾಲದಿಂದ ಚಂಗಾಳ್ವರ ಕಾಲದವರೆಗೆ ಇಲ್ಲಿ ಬಸದಿಗಳು ಎದ್ದವು, ಮುನಿಪರಂಪರೆಗಳು ನೆಲೆಗೊಂಡವು, ಕಾವ್ಯಗಳು ರಚಿತವಾದವು. ಕೃಷ್ಣರಾಜನಗರ ಸೀಮೆಯ ಚಿಕ್ಕ ಹನಸೋಗೆಯು ಶಾಸನಗಳಲ್ಲಿ ಕಾಣಿಸಿಕೊಳ್ಳುವ ಪನಸೋಗೆ. ಮೂಲಸಂಘ, ದೇಶಿಯಗಣ, ಪುಸ್ತಕಗಚ್ಛದ ಒಂದು ಬಳಿಗೆ ಈ ಊರಿನ ಹೆಸರೇ ನಿಂತಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು 1508ರಲ್ಲಿ ‘ಸಮ್ಯಕ್ತ್ವಕೌಮುದಿ’ಯನ್ನು ಬರೆದನು. ಅದೇ ತಾಲ್ಲೂಕಿನ ಬೆಟ್ಟದೂರಿನ ಬಳಿ, ಶ್ರವಣಗುಡ್ಡವೆಂದು ಹೆಸರಾಗಿದ್ದ ಗೊಮ್ಮಟಗಿರಿಯ ಮೇಲೆ, ಸುಮಾರು 18 ಅಡಿ ಎತ್ತರದ ಬಾಹುಬಲಿಯ ಬಿಂಬವು ನಿಂತಿದೆ.

ಈ ಗೊಮ್ಮಟಗಿರಿಯ ಬಿಂಬವನ್ನು ಕಡೆದ ರೂವಾರಿಯ ಹೆಸರು ಉಳಿದುಬಂದಿಲ್ಲ. ಅದರ ಕಾಲದ ವಿಷಯದಲ್ಲಿಯೂ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಈ ಸ್ಥಿತಿ ಗೊಮ್ಮಟಗಿರಿಗೆ ಮಾತ್ರ ಸೀಮಿತವಾದುದಲ್ಲ. ಕರ್ನಾಟಕದ ಮಹಾಬಿಂಬಗಳಲ್ಲಿ ಬಹುಪಾಲು ಇದೇ ಬಗೆಯವು. ಮಾಡಿಸಿದ ಅರಸನು ಗೊತ್ತು, ಉಪದೇಶಿಸಿದ ಗುರುವು ಗೊತ್ತು, ಕೆಲವೆಡೆ ತಿಥಿ ನಕ್ಷತ್ರಗಳೂ ಗೊತ್ತು. ಕಡೆದವನು ಮಾತ್ರ ಗೊತ್ತಿಲ್ಲ. ಅವನ ಕೆಲಸ ಯಾವ ಕ್ರಮದಲ್ಲಿ ನಡೆಯಿತು, ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತು ಎಂಬುದನ್ನು ತಿಳಿಯಲು ಶಾಸನಗಳ ಜೊತೆಗೆ ಬೇರೆ ಎರಡು ಆಕರಗಳನ್ನು ಆಶ್ರಯಿಸಬೇಕಾಗುತ್ತದೆ: ಒಂದು, ಪೂರ್ಣಗೊಳ್ಳದೆ ಉಳಿದ ಬಿಂಬಗಳು, ಇನ್ನೊಂದು, ತಾಳೆಯೋಲೆಯ ಪ್ರತಿಷ್ಠಾಗ್ರಂಥಗಳು ಮತ್ತು ಚರಿತ್ರಕಾವ್ಯಗಳು. ಈ ಆಕರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬಿಂಬಗಳ ಕಾಲನಿರ್ಣಯದ ಬಗೆಗೂ ಒಂದು ಮುಖ್ಯವಾದ ಅಂಶವು ಹೊರಪಡುತ್ತದೆ.

ಮಾಡಿಸಿದವನು ಮತ್ತು ಮಾಡಿದವನು

ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಪ್ರಸಿದ್ಧವಾದ ಕಿರುಶಾಸನವು ಚಾವುಂಡರಾಜನು ಬಿಂಬವನ್ನು ‘ಮಾಡಿಸಿದಂ’ ಎಂದು ಹೇಳುತ್ತದೆ. ಸುತ್ತಾಲಯವನ್ನು ಗಂಗರಾಜನು ಮಾಡಿಸಿದುದನ್ನು ತಿಳಿಸುವ ಶಾಸನದಲ್ಲಿಯೂ ಇದೇ ಕ್ರಿಯಾಪದವಿದೆ. ಈ ಪ್ರೇರಣಾರ್ಥಕ ರೂಪವು ಹಿಂದೆ ಇದ್ದ ಕರ್ತೃವನ್ನು ಮರೆಮಾಡುತ್ತದೆ. ದಾನಶಾಸನದ ಉದ್ದೇಶವು ಪುಣ್ಯವು ಯಾರಿಗೆ ಸಲ್ಲಬೇಕೆಂಬುದನ್ನು ದಾಖಲಿಸುವುದಾದ್ದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗೆಂದ ಮಾತ್ರಕ್ಕೆ ಶಿಲ್ಪಿಗಳು ತಮ್ಮ ಹೆಸರನ್ನು ಹೇಳಿಕೊಳ್ಳಲು ಹಿಂಜರಿಯುತ್ತಿದ್ದರೆಂದು ಭಾವಿಸಲಾಗದು. ಹೊಯ್ಸಳರ ಕಾಲದಲ್ಲಿ ಬಳ್ಳಿಗಾವೆಯ ದಾಸೋಜ, ಮಲ್ಲಿತಮ್ಮ ಮೊದಲಾದವರು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ. ಬೆಳಗೊಳದ ಚಂದ್ರಗುಪ್ತ ಬಸದಿಯ ಜಾಲಂಧ್ರದಲ್ಲಿಯೂ ದಾಸೋಜನ ಹೆಸರಿದೆ. 1129ರ ಮಲ್ಲಿಷೇಣ ಪ್ರಶಸ್ತಿಯನ್ನು ರಚಿಸಿದವನು ಮಲ್ಲಿನಾಥ, ಕಂಡರಿಸಿದವನು ಗಂಗಾಚಾರಿ. ಇವನಿಗೆ ‘ಬಿರುದರೂವಾರಿಮುಖತಿಲಕ’ನೆಂಬ ಬಿರುದಿತ್ತು. ಅಕ್ಷರವನ್ನು ಕೊರೆದವನಿಗೆ ರೂವಾರಿಯೆಂಬ ಬಿರುದು ಸಂದಿರುವುದು ಗಮನಾರ್ಹ. ಕಲ್ಲಿನಲ್ಲಿ ಅಕ್ಷರವನ್ನು ನಿಲ್ಲಿಸುವವನೂ ರೂಪವನ್ನು ನಿಲ್ಲಿಸುವವನೂ ಒಂದೇ ಕಸುಬಿನ ಬಳಗಕ್ಕೆ ಸೇರಿದವರಾಗಿದ್ದರೆಂಬುದು ಇದರಿಂದ ವಿದಿತವಾಗುತ್ತದೆ. ಆದರೆ ಕಂಬ, ಜಾಲಂಧ್ರ, ಪರಿವಾರವಿಗ್ರಹಗಳ ಮೇಲೆ ದೊರೆಯುವ ಈ ಹೆಸರುಗಳು ಪೂಜೆಗೊಳ್ಳುವ ಮೂಲಬಿಂಬದ ಮೇಲೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಇದಕ್ಕೆ ಕಾರಣವನ್ನು ಪ್ರತಿಷ್ಠಾವಿಧಿಯಲ್ಲಿಯೇ ಹುಡುಕಬೇಕು.

ಶಿಲಾಪರೀಕ್ಷೆ

ಬಿಂಬನಿರ್ಮಾಣದ ಮೊದಲ ಹಂತವು ಕಲ್ಲಿನ ಆಯ್ಕೆ. ವಸುನಂದಿಯ ‘ಪ್ರತಿಷ್ಠಾಸಾರಸಂಗ್ರಹ’, ಆಶಾಧರ ಪಂಡಿತನು 1228ರಲ್ಲಿ ಮುಗಿಸಿದ ‘ಪ್ರತಿಷ್ಠಾಸಾರೋದ್ಧಾರ’, ನೇಮಿಚಂದ್ರನ ‘ಪ್ರತಿಷ್ಠಾತಿಲಕ’ ಮೊದಲಾದವು ಈ ವಿಷಯದಲ್ಲಿ ಪ್ರಮಾಣಗ್ರಂಥಗಳು. ಕಲ್ಲು ಗಟ್ಟಿಯಾಗಿರಬೇಕು, ತಂಪಾಗಿರಬೇಕು, ನುಣುಪಾಗಿರಬೇಕು, ತಟ್ಟಿದರೆ ಇಂಪಾದ ನಾದವನ್ನು ಕೊಡಬೇಕು. ಬಿರುಕು, ಚುಕ್ಕೆ, ಅನ್ಯವರ್ಣದ ರೇಖೆಗಳು ಇರಬಾರದು ಎಂಬುದು ಶಾಸ್ತ್ರದ ಸಾರ. ಇವು ಕೇವಲ ಶಕುನದ ಮಾತುಗಳಲ್ಲ. ಒಳಗೆ ಸೀಳಿರುವ ಕಲ್ಲು ತಟ್ಟಿದಾಗ ಒಡಕು ದನಿಯನ್ನು ಕೊಡುತ್ತದೆ. ಅನ್ಯವರ್ಣದ ರೇಖೆಯಿರುವೆಡೆ ಬೇರೆ ಖನಿಜವು ಸೇರಿಕೊಂಡಿದ್ದು, ಉಳಿಯ ಏಟಿಗೆ ಕಲ್ಲು ಅಲ್ಲಿ ಬಿರಿಯುವ ಸಂಭವ ಹೆಚ್ಚು. ಶಾಸ್ತ್ರಕಾರನು ಅಮಂಗಲವೆಂದು ಹೇಳಿದುದನ್ನು ರೂವಾರಿಯು ತನ್ನ ಅನುಭವದಿಂದ ಅಪಾಯವೆಂದು ಬಲ್ಲವನಾಗಿದ್ದನು.

ಈ ಸೀಮೆಯಲ್ಲಿ ಎರಡು ಬಗೆಯ ಶಿಲೆ ಮುಖ್ಯ. ಒಂದು, ಬೆಟ್ಟಗುಡ್ಡಗಳ ಕಣಶಿಲೆ. ಇನ್ನೊಂದು, ಕೃಷ್ಣಶಿಲೆಯೆಂದು ಶಿಲ್ಪಿಗಳು ಕರೆಯುವ ಕಪ್ಪು ಕಲ್ಲು. ಮೈಸೂರು ಮತ್ತು ಹೆಗ್ಗಡದೇವನಕೋಟೆಗಳ ಎಲ್ಲೆಯಲ್ಲಿರುವ ಜಯಪುರ ಹೋಬಳಿಯ ಭೂಮಿಯಲ್ಲಿ ದೊರೆತ ಕೃಷ್ಣಶಿಲೆಯಿಂದಲೇ ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜರು ಅಯೋಧ್ಯೆಯ ಬಾಲರಾಮನ 51 ಅಂಗುಲದ ವಿಗ್ರಹವನ್ನು ಕಡೆದರು. 2024ರ ಜನವರಿ 22ರಂದು ಅದರ ಪ್ರಾಣಪ್ರತಿಷ್ಠೆಯಾಯಿತು. ಅದರ ಶಿಲೆಯನ್ನು ಶಿಲಾಯಂತ್ರಶಾಸ್ತ್ರದ ರಾಷ್ಟ್ರೀಯ ಸಂಸ್ಥೆಯಲ್ಲಿ ಪರೀಕ್ಷೆಗೆ ಒಳಪಡಿಸಲಾಗಿತ್ತು. ಸಂಪ್ರದಾಯ ಬೇರೆಯಾದರೂ ಕಡೆಯುವ ಮುನ್ನ ಕಲ್ಲನ್ನು ಪರೀಕ್ಷಿಸಬೇಕೆಂಬ ತತ್ತ್ವ ಒಂದೇ. ಕಿವಿಯಿಂದ ತಿಳಿಯುತ್ತಿದ್ದುದನ್ನು ಈಗ ಉಪಕರಣದಿಂದ ತಿಳಿಯಲಾಗುತ್ತದೆ.

ಶಿಲೆಯ ಸ್ವಭಾವವು ಬಿಂಬದ ಸ್ವರೂಪವನ್ನು ನಿರ್ಧರಿಸುತ್ತದೆ. ಮೆದುವಾದ ಕಪ್ಪು ಕಲ್ಲಿನಲ್ಲಿ ಹಾರ, ಕುಂಡಲ, ಪ್ರಭಾವಳಿಗಳ ಸೂಕ್ಷ್ಮವಾದ ಕೆತ್ತನೆ ಸಾಧ್ಯ. ಕಣಶಿಲೆಯು ಅಂತಹ ಬಿನ್ನಾಣಕ್ಕೆ ಸುಲಭವಾಗಿ ಒಲಿಯುವುದಿಲ್ಲ. ಆದರೆ ಆಭರಣವೂ ವಸ್ತ್ರವೂ ಇಲ್ಲದ, ಸಮತಲಗಳೇ ಪ್ರಧಾನವಾದ ದಿಗಂಬರ ಕಾಯೋತ್ಸರ್ಗ ರೂಪಕ್ಕೆ ಅದಕ್ಕಿಂತ ತಕ್ಕ ಶಿಲೆ ಬೇರೊಂದಿಲ್ಲ.

ಅಪೂರ್ಣ ಬಿಂಬದ ಸಾಕ್ಷ್ಯ

ಪೂರ್ಣವಾದ ಬಿಂಬದಲ್ಲಿ ಕೆಲಸದ ಕ್ರಮವು ಅಳಿಸಿಹೋಗಿರುತ್ತದೆ. ನುಣುಪು ಮಾಡುವ ಕೊನೆಯ ಹಂತವು ಹಿಂದಿನ ಉಳಿಗುರುತುಗಳನ್ನೆಲ್ಲ ಒರೆಸಿಬಿಡುತ್ತದೆ. ಆದುದರಿಂದ ಅಪೂರ್ಣ ಬಿಂಬಗಳಿಗೆ ಹೆಚ್ಚಿನ ಬೆಲೆಯಿದೆ.

ಚಂದ್ರಗಿರಿಯ ಮೇಲೆ ಭರತೇಶ್ವರನೆಂದು ಕರೆಯಲಾಗುವ ಸುಮಾರು 9 ಅಡಿಯ ಬಿಂಬವು ಈ ದೃಷ್ಟಿಯಿಂದ ಅಮೂಲ್ಯವಾದುದು. ಮೊಣಕಾಲಿನವರೆಗೆ ರೂಪವು ಸ್ಪಷ್ಟವಾಗಿ ಮೂಡಿದೆ. ಅಲ್ಲಿಂದ ಕೆಳಗೆ ಅದು ಬಂಡೆಯಾಗಿಯೇ ಉಳಿದಿದೆ. ಅದರ ಸಮೀಪದ ಶಾಸನದಲ್ಲಿ ‘ಅರಿಟ್ಟೊನೇಮಿ’ ಎಂಬ ಹೆಸರಿರುವುದರಿಂದ ಈ ಬಿಂಬವನ್ನೂ, ಲೋಕರೂಢಿಯಲ್ಲಿ ವಿಂಧ್ಯಗಿರಿಯ ಗೊಮ್ಮಟನನ್ನೂ ಅರಿಷ್ಟನೇಮಿಯು ಕಡೆದನೆಂದು ಹೇಳುವುದುಂಟು. ಆದರೆ ಆ ಶಾಸನದ ಲಿಪಿಯು ಗೊಮ್ಮಟನ ಕಾಲಕ್ಕಿಂತ ಹಿಂದಿನದೆಂಬ ಅಭಿಪ್ರಾಯವಿರುವುದರಿಂದ ಎರಡನೆಯ ಹೇಳಿಕೆಯನ್ನು ಒಪ್ಪುವುದು ಕಷ್ಟ. ಹೆಸರಿನ ಚರ್ಚೆಯಲ್ಲಿ ಮುಳುಗಿದವರು ಆ ಬಿಂಬವು ಹೇಳುತ್ತಿರುವ ಇನ್ನೊಂದು ಮಾತಿಗೆ ಸಾಕಷ್ಟು ಗಮನ ಕೊಟ್ಟಂತೆ ತೋರುವುದಿಲ್ಲ. ಅದೆಂದರೆ, ನಿಂತ ಬಂಡೆಯಲ್ಲಿ ರೂಪವನ್ನು ತೆಗೆಯುವ ಕೆಲಸವು ಮೇಲಿನಿಂದ ಕೆಳಕ್ಕೆ ನಡೆಯಿತು ಎಂಬುದು.

ಇದಕ್ಕೆ ಯುಕ್ತವಾದ ಕಾರಣವಿದೆ. ಬೆಟ್ಟದ ನೆತ್ತಿಯ ಬಂಡೆಯಲ್ಲಿ ಶಿರಸ್ಸಿನಿಂದ ಆರಂಭಿಸಿದರೆ ಇನ್ನೂ ಕಡೆಯದ ಕೆಳಭಾಗವೇ ರೂವಾರಿಗೆ ನಿಲ್ಲುವ ನೆಲೆಯಾಗುತ್ತದೆ. ಮೇಲಿನಿಂದ ಬೀಳುವ ಚಕ್ಕೆಗಳು ಮುಗಿದ ಭಾಗವನ್ನು ಗಾಯಗೊಳಿಸುವುದಿಲ್ಲ. ಬಿಂಬದ ಭಾರವನ್ನು ಹೊರಬೇಕಾದ ಕಾಲುಗಳ ಭಾಗವು ಕೊನೆಯವರೆಗೂ ದಪ್ಪವಾಗಿ ಉಳಿದಿರುತ್ತದೆ. ಪರಿಣಾಮವಾಗಿ ಅತ್ಯಂತ ಕಠಿನವಾದ ನಿರ್ಣಯವನ್ನು, ಅಂದರೆ ಮುಖದ ಪ್ರಮಾಣವನ್ನು, ರೂವಾರಿಯು ಮೊದಲೇ ಕೈಗೊಳ್ಳಬೇಕಾಗುತ್ತದೆ. ಮುಖದ ಅಳತೆ ಒಮ್ಮೆ ನಿಂತಿತೆಂದರೆ ಉಳಿದ ದೇಹವೆಲ್ಲ ಅದನ್ನೇ ಅನುಸರಿಸಬೇಕು; ತಪ್ಪಿದರೆ ತಿದ್ದಲು ಕಲ್ಲಿಲ್ಲ.

ವಿಂಧ್ಯಗಿರಿಯ ಗೊಮ್ಮಟನಲ್ಲಿ ಈ ಕ್ರಮದ ಕುರುಹು ಕಾಣುತ್ತದೆಂದು ಹೇಳಲು ಅವಕಾಶವಿದೆ. ಸುಮಾರು 58 ಅಡಿ ಎತ್ತರದ ಆ ಬಿಂಬವು ತೊಡೆಯಿಂದ ಮೇಲೆ ಯಾವ ಆಸರೆಯೂ ಇಲ್ಲದೆ ನಿಂತಿದೆ. ಅದರಿಂದ ಕೆಳಗೆ ಹುತ್ತಗಳು ಕಾಲುಗಳಿಗೆ ಆಸರೆಯಾಗಿವೆ. ಮೊಣಕಾಲಿನ ಕೆಳಗಿನ ಭಾಗವು ಮೇಲಿನ ಭಾಗಕ್ಕೆ ಹೋಲಿಸಿದರೆ ಮೋಟು ಎಂದು ಕೆಲವು ವಿಮರ್ಶಕರು ಆಕ್ಷೇಪಿಸಿದ್ದಾರೆ. ಮೇಲಿನಿಂದ ಇಳಿದುಬಂದ ರೂವಾರಿಗೆ ಬಂಡೆಯೇ ಎಲ್ಲೆಯನ್ನು ಹಾಕಿಕೊಟ್ಟಿತೋ, ಕೆಳಗೆ ನಿಂತು ನೋಡುವ ಭಕ್ತನ ದೃಷ್ಟಿಯನ್ನು ಗಮನಿಸಿ ಅವನೇ ಹಾಗೆ ಮಾಡಿದನೋ ಎಂಬುದು ವಿಚಾರಣೀಯ. ಹುತ್ತ, ಹಾವು, ಮಾಧವೀಲತೆಗಳು ಜಿನಸೇನರ ‘ಪೂರ್ವಪುರಾಣ’ದಿಂದಲೂ ಪಂಪನ ‘ಆದಿಪುರಾಣ’ದಿಂದಲೂ ಪರಿಚಿತವಾದ ತಪಸ್ಸಿನ ಲಕ್ಷಣಗಳು. ರೂವಾರಿಯು ಕಥೆಯ ಈ ಲಕ್ಷಣವನ್ನೇ ಭಾರ ಹೊರುವ ಆಧಾರವನ್ನಾಗಿ ಮಾಡಿಕೊಂಡುದು ಅವನ ಬುದ್ಧಿವಂತಿಕೆಗೆ ಸಾಕ್ಷಿ.

ಅಳತೆಯ ವಿಚಾರ

ವಸುನಂದಿಯ ಮತದಂತೆ ಕಾಯೋತ್ಸರ್ಗದ ಜಿನಬಿಂಬವು ನವತಾಲ ಪ್ರಮಾಣದ್ದು. ಅಂದರೆ 12 ಅಂಗುಲದ ಮುಖವೊಂದನ್ನು ಮಾನವಾಗಿಟ್ಟುಕೊಂಡು ಒಟ್ಟು 108 ಅಂಗುಲ. ಇಲ್ಲಿಯ ಅಂಗುಲವು ನಿಯತವಾದ ಉದ್ದವಲ್ಲ. ಬಿಂಬದ ಎತ್ತರವನ್ನು ಹಂಚಿದಾಗ ದೊರೆಯುವ ಭಾಗ. ಹೀಗಾಗಿ ಅಂಗೈಯಗಲದ ಲೋಹಬಿಂಬಕ್ಕೂ ಬೆಟ್ಟದೆತ್ತರದ ಶಿಲಾಬಿಂಬಕ್ಕೂ ಸೂತ್ರ ಒಂದೇ.

ಆದರೆ ಬಂಡೆಯ ಮೇಲೆ ಕೆಲಸ ಮಾಡುವವನಿಗೆ ನಿಯತವಾದ ಅಳತೆಗೋಲೂ ಬೇಕು. ಗೊಮ್ಮಟನ ಎಡಪಾದದ ಬಳಿ ಸುಮಾರು 3 ಅಡಿ 4 ಅಂಗುಲ ಉದ್ದದ, ನಡುವೆ ಹೂವಿನ ಗುರುತುಳ್ಳ ಅಳತೆಯೊಂದನ್ನು ಕೊರೆಯಲಾಗಿದೆ. ಇದು ನಿರ್ಮಾಣಕಾಲದ್ದಾಗಿದ್ದರೆ ಕೆಲಸದ ಸ್ಥಳದಲ್ಲಿ ಎಲ್ಲರ ಕೋಲುಗಳನ್ನೂ ಸರಿಹೊಂದಿಸಿಕೊಳ್ಳಲು ಇಟ್ಟ ಮೂಲಮಾನವೆಂದು ತಿಳಿಯಬಹುದು. ಹತ್ತಾರು ಕೈಗಳು ಒಂದೇ ಬಿಂಬದ ಮೇಲೆ ದುಡಿಯುವಾಗ ಇಂತಹ ಮಾನವು ಅನಿವಾರ್ಯ.

ಮುಗಿದ ಬಿಂಬವನ್ನು ಮತ್ತೆ ಅಳೆದವರೂ ಇದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದ ಕವಿಚಕ್ರವರ್ತಿ ಶಾಂತರಾಜ ಪಂಡಿತನು ಗೊಮ್ಮಟನ ಅಂಗಾಂಗಗಳನ್ನು ಹಸ್ತ ಮತ್ತು ಅಂಗುಲಗಳಲ್ಲಿ ಅಳೆದು ಅದನ್ನು ಸಂಸ್ಕೃತ ಶ್ಲೋಕಗಳಲ್ಲಿ ನಿಬಂಧಿಸಿದನು. 1871ರ ಮಸ್ತಕಾಭಿಷೇಕದ ಅಟ್ಟಣಿಗೆಯನ್ನು ಬಳಸಿಕೊಂಡು ಸರ್ಕಾರದ ಅಧಿಕಾರಿಗಳು ಅಳತೆ ಮಾಡಿದರು. ಆಗ ದೊರೆತಂತೆ ಪಾದದ ಉದ್ದ 9 ಅಡಿ, ಹೆಬ್ಬೆರಳು 2 ಅಡಿ 9 ಅಂಗುಲ, ಭುಜಗಳ ಅಗಲ 26 ಅಡಿ. ಪಂಡಿತನ ಶ್ಲೋಕಗಳಲ್ಲಿರುವ ಅಳತೆಗಳನ್ನು ಪ್ರತಿಷ್ಠಾಗ್ರಂಥಗಳ ತಾಲಮಾನದೊಡನೆ ಅಂಗ ಅಂಗವಾಗಿ ಹೋಲಿಸಿದರೆ ರೂವಾರಿಯು ಶಾಸ್ತ್ರವನ್ನು ಎಲ್ಲಿ ಅನುಸರಿಸಿದನು, ಎಲ್ಲಿ ಕಣ್ಣಿನ ತೀರ್ಪನ್ನು ಮನ್ನಿಸಿದನು ಎಂಬುದು ಗೊತ್ತಾಗುತ್ತದೆ.

ಪನಸೋಗೆಯ ಗುರು, ಕಾರ್ಕಳದ ಬಿಂಬ

ಇದ್ದೆಡೆಯ ಬಂಡೆಯಲ್ಲಿ ಕಡೆಯುವುದು ಒಂದು ಕ್ರಮವಾದರೆ, ಬೇರೆಡೆ ಕಡೆದು ತಂದು ನಿಲ್ಲಿಸುವುದು ಇನ್ನೊಂದು ಕ್ರಮ. ಎರಡನೆಯದಕ್ಕೆ ಪ್ರಸಿದ್ಧವಾದ ನಿದರ್ಶನವು ಕಾರ್ಕಳ. ಇಲ್ಲಿ ಮೈಸೂರು ಸೀಮೆಯ ಸಂಬಂಧವು ನೇರವಾಗಿಯೇ ಇದೆ. 1432ರ ಫೆಬ್ರವರಿ 13ಕ್ಕೆ ಸರಿಹೊಂದುವ ಶಕ 1353, ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿಯಂದು ಭೈರರಸ ವಂಶದ ವೀರಪಾಂಡ್ಯನು ಬಾಹುಬಲಿಯ ಬಿಂಬವನ್ನು ಪ್ರತಿಷ್ಠೆ ಮಾಡಿಸಿದುದು ಪನಸೋಗೆಯ ಬಳಿಗೆ ಸೇರಿದ ಲಲಿತಕೀರ್ತಿ ಮುನಿಗಳ ಉಪದೇಶದಿಂದ. ಕಾವೇರಿಯ ದಡದ ಹನಸೋಗೆಯಲ್ಲಿ 11ನೆಯ ಶತಮಾನದಲ್ಲಿ ರಾಜೇಂದ್ರಚೋಳ ನನ್ನಿ ಚಂಗಾಳ್ವನು ಬಸದಿಗಳನ್ನು ಜೀರ್ಣೋದ್ಧಾರ ಮಾಡಿದನು. ಅಲ್ಲಿಯ ಗುರುಪರಂಪರೆಯೇ ಘಟ್ಟವನ್ನಿಳಿದು ತುಳುನಾಡಿನಲ್ಲಿ 41 ಅಡಿಗಿಂತ ಎತ್ತರದ ಬಿಂಬವೊಂದಕ್ಕೆ ಕಾರಣವಾಯಿತು.

ಈ ಬಿಂಬವು ಹೇಗೆ ಸಿದ್ಧವಾಯಿತೆಂಬುದನ್ನು ಚಂದ್ರಮ ಕವಿಯು 1646ರಲ್ಲಿ ಬರೆದ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯು ವರ್ಣಿಸುತ್ತದೆ. ಕಲ್ಲನ್ನು ಹುಡುಕಿದುದು, ಅದರಲ್ಲಿ ರೂಪವನ್ನು ತೆಗೆದುದು, ಇಪ್ಪತ್ತು ಗಾಲಿಗಳ ಬಂಡಿಯ ಮೇಲೆ ಏರಿಸಿ ಜನರು ಬೆಟ್ಟಕ್ಕೆ ಎಳೆದುದು, ಮೇಲೆ ಮಂಟಪವನ್ನು ಹಾಕಿ ಉಳಿದ ಕೆತ್ತನೆಯನ್ನು ಮುಗಿಸಿದುದು ಎಲ್ಲವೂ ಅಲ್ಲಿ ಬಂದಿವೆ. ಕವಿಯು ಪ್ರತಿಷ್ಠೆಯಾಗಿ ಎರಡು ಶತಮಾನಗಳ ಅನಂತರದವನಾದ್ದರಿಂದ ಅವನ ವಿವರಗಳನ್ನೆಲ್ಲ ಪ್ರತ್ಯಕ್ಷ ಸಾಕ್ಷ್ಯವೆಂದು ಪರಿಗಣಿಸಲಾಗದು. ಆದರೂ ಕೆಲಸದ ಕ್ರಮವನ್ನು ಅವನು ಸರಿಯಾಗಿ ಹಿಡಿದಿದ್ದಾನೆ. ಸಾಗಿಸಬೇಕಾದ ಬಿಂಬವನ್ನು ಕೆಳಗೆ ಪೂರ್ತಿಯಾಗಿ ಕಡೆಯುವುದು ಅವಿವೇಕ. ಬೆರಳು, ಕಿವಿ, ಮೂಗುಗಳು ದಾರಿಯಲ್ಲಿ ಮುಕ್ಕಾಗುತ್ತವೆ. ಭಾರವನ್ನು ಕಡಮೆ ಮಾಡುವಷ್ಟು ಕಡೆದು, ಉಳಿದುದನ್ನು ನಿಲ್ಲಿಸಿದ ಮೇಲೆ ಮುಗಿಸುವುದೇ ಕ್ರಮ. ಅರಸನನ್ನೂ ಗುರುವನ್ನೂ ಮಾತ್ರ ಬಲ್ಲ ಶಾಸನಕ್ಕೆ ಈ ಕಾವ್ಯವು ಪೂರಕವಾಗಿ ನಿಲ್ಲುತ್ತದೆ.

ಉಳಿಯ ಕೊನೆ, ಮಂತ್ರದ ಮೊದಲು

ರೂವಾರಿಯ ಕೆಲಸವು ಎಲ್ಲಿ ಮುಗಿಯುತ್ತದೆ? ಪ್ರತಿಷ್ಠಾಗ್ರಂಥಗಳ ಉತ್ತರ ಸ್ಪಷ್ಟವಾಗಿದೆ. ಲಕ್ಷಣೋಪೇತವಾಗಿ ಸಿದ್ಧವಾದ ಪ್ರತಿಮೆಯೂ ಪ್ರತಿಷ್ಠೆಯಾಗುವವರೆಗೆ ವಂದ್ಯವಲ್ಲ. ಪಂಚಕಲ್ಯಾಣ, ಮಂತ್ರನ್ಯಾಸ, ತಿಲಕದಾನ, ನಯನೋನ್ಮೀಲನ ಮೊದಲಾದ ಕ್ರಿಯೆಗಳಿಂದಲೇ ಅದು ಜಿನಬಿಂಬವಾಗುತ್ತದೆ. ಕಣ್ಣಿನ ರೂಪವನ್ನು ಉಳಿಯು ಕೊಡುತ್ತದೆ. ಕಣ್ಣು ತೆರೆಸುವವನು ಪ್ರತಿಷ್ಠಾಚಾರ್ಯ. ಈ ಗಡಿಯನ್ನು ದಾಟಿದ ಬಿಂಬದ ಮೇಲೆ ಕಡೆದವನ ಹೆಸರು ಇರುವುದು ಉಚಿತವಲ್ಲವೆಂಬ ಭಾವನೆಯು ಮೂಲಬಿಂಬಗಳ ಮೌನಕ್ಕೆ ಒಂದು ಕಾರಣವಾಗಿರಬಹುದು.

ಇದರಿಂದ ಹೊರಡುವ ಮುಖ್ಯ ತೀರ್ಮಾನವು ಕಾಲನಿರ್ಣಯಕ್ಕೆ ಸಂಬಂಧಿಸಿದುದು. ಶಾಸನಗಳೂ ಕಾವ್ಯಗಳೂ ಕೊಡುವ ತಿಥಿಯು ಪ್ರತಿಷ್ಠೆಯ ತಿಥಿಯೇ ಹೊರತು ಕೆಲಸದ ಆರಂಭದ್ದಲ್ಲ, ಕೆತ್ತನೆ ಮುಗಿದ ದಿನದ್ದೂ ಅಲ್ಲ. ಈ ಎರಡರ ನಡುವಣ ಅಂತರವು ಎಷ್ಟಿರಬಹುದೆಂಬುದಕ್ಕೆ 20ನೆಯ ಶತಮಾನದ ಧರ್ಮಸ್ಥಳದ ಬಿಂಬವು ಸ್ಪಷ್ಟವಾದ ನಿದರ್ಶನ. ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ 1967ರಲ್ಲಿ ಕಾರ್ಕಳದ ಸಮೀಪ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆಲಸವನ್ನು ಆರಂಭಿಸಿದರು. 1968ರಲ್ಲಿ ಹೆಗ್ಗಡೆಯವರು ದಿವಂಗತರಾದ ಮೇಲೆ ಅವರ ಪುತ್ರ ವೀರೇಂದ್ರ ಹೆಗ್ಗಡೆಯವರು ಅದನ್ನು ಮುಂದುವರಿಸಿದರು. 39 ಅಡಿಯ ಬಿಂಬವು 1973ರಲ್ಲಿ ಬಹುಚಕ್ರದ ವಾಹನದ ಮೇಲೆ ಧರ್ಮಸ್ಥಳಕ್ಕೆ ಸಾಗಿತು; 1982ರಲ್ಲಿ ಪ್ರತಿಷ್ಠೆಯಾಯಿತು. 1982 ಎಂಬ ಒಂದು ವರ್ಷ ಮಾತ್ರ ಮುಂದಿನವರಿಗೆ ಉಳಿದಿದ್ದರೆ ಅದರ ಹಿಂದಿನ ಹದಿನೈದು ವರ್ಷಗಳು ಕಾಣದೆ ಹೋಗುತ್ತಿದ್ದವು. ಸಂಕಲ್ಪಿಸಿದವರು ಒಬ್ಬರು, ಪೂರೈಸಿದವರು ಇನ್ನೊಬ್ಬರು ಎಂಬುದೂ ಮರೆಯಾಗುತ್ತಿತ್ತು.

ಈ ದೃಷ್ಟಿಯಿಂದ ಬೆಳಗೊಳದ ಬಿಂಬದ ಕಾಲದ ಚರ್ಚೆಯನ್ನು ಮತ್ತೆ ಪರಿಶೀಲಿಸಬಹುದು. ಶಕ 900ರಲ್ಲಿ, ಅಂದರೆ 978ರಲ್ಲಿ, ಮುಗಿದ ‘ಚಾವುಂಡರಾಯಪುರಾಣ’ದಲ್ಲಿ ಬಿಂಬದ ಪ್ರಸ್ತಾಪವಿಲ್ಲ. 993ರ ರನ್ನನ ‘ಅಜಿತಪುರಾಣ’ದಲ್ಲಿ ಅತ್ತಿಮಬ್ಬೆಯು ಕುಕ್ಕುಟೇಶ್ವರ ಜಿನನ ದರ್ಶನ ಮಾಡಿದ ವಿಷಯವಿದೆ. ಆದುದರಿಂದ ಬಿಂಬವು ಈ ಎರಡರ ನಡುವೆ ಸ್ಥಾಪಿತವಾಯಿತೆಂಬುದು ಬಹುಜನಸಮ್ಮತ. ‘ಬಾಹುಬಲಿಚರಿತ’ವು ಹೇಳುವ ತಿಥಿಯನ್ನು 981ರ ಮಾರ್ಚ್ 13ಕ್ಕೆ ಹೊಂದಿಸಿದವರು ಗೋವಿಂದ ಪೈಗಳು, 1028ಕ್ಕೆ ಹೊಂದಿಸಿದವರೂ ಇದ್ದಾರೆ. 981ನ್ನು ಆಧರಿಸಿಯೇ 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕವು ನಡೆಯಿತು.

ಪುರಾಣದ ಮೌನವನ್ನು ‘978ರಲ್ಲಿ ಬಿಂಬವು ಇರಲಿಲ್ಲ’ ಎಂಬುದಕ್ಕೆ ಪ್ರಮಾಣವಾಗಿ ಉಪಯೋಗಿಸುವುದು ವಾಡಿಕೆ. ವಾಸ್ತವವಾಗಿ ಅದು ಸಾಧಿಸುವುದು ಪ್ರತಿಷ್ಠೆಯಾಗಿರಲಿಲ್ಲವೆಂಬುದನ್ನು ಮಾತ್ರ. ವಂದ್ಯವಲ್ಲದ, ಇನ್ನೂ ಕಲ್ಲಾಗಿಯೇ ಇರುವ ರೂಪವನ್ನು ಪುರಾಣದಲ್ಲಿ ಕೀರ್ತಿಸಲು ಅವಕಾಶವಿಲ್ಲ. ಪುರಾಣದ ಓಲೆಗಳು ತುಂಬುತ್ತಿದ್ದಾಗಲೇ ವಿಂಧ್ಯಗಿರಿಯ ಮೇಲೆ ಉಳಿಯ ಸದ್ದು ಕೇಳುತ್ತಿದ್ದಿರಬಹುದು. 981ರಲ್ಲಿಯೇ ಪ್ರತಿಷ್ಠೆಯಾಯಿತೆಂದು ಒಪ್ಪಿದರೆ, 58 ಅಡಿಯ ಕಣಶಿಲೆಯ ಬಿಂಬವು ಮೂರು ವರ್ಷಗಳೊಳಗೆ ಆರಂಭವಾಗಿ ಮುಗಿಯಿತೆನ್ನುವುದಕ್ಕಿಂತ ಈ ಊಹೆಯೇ ಹೆಚ್ಚು ಸಂಭಾವ್ಯ.

ಪ್ರತಿಷ್ಠೆಯ ಅನಂತರ

ಪ್ರತಿಷ್ಠೆಯಿಂದ ಬಿಂಬದ ಚರಿತ್ರೆಯು ಮುಗಿಯುವುದಿಲ್ಲ. ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನ 1424ರ ಶಾಸನವು ಬೆಳಗೊಳದ ಗೊಮ್ಮಟನಾಥನ ಪೂಜೆಗಾಗಿ ತೋಟಹಳ್ಳಿಯನ್ನು ದತ್ತಿ ಬಿಟ್ಟುದನ್ನು ತಿಳಿಸುತ್ತದೆ. ಬೆಳಗೊಳದಿಂದ ದೂರದ ಈ ನಾಡಿನ ಪ್ರಭುವು ಸುಮಾರು ನಾಲ್ಕೂವರೆ ಶತಮಾನಗಳ ಹಿಂದೆ ಕಡೆದ ಬಿಂಬದ ನಿತ್ಯಪೂಜೆಗೆ ಹಳ್ಳಿಯೊಂದನ್ನು ಕೊಟ್ಟನು. ಇದಕ್ಕೆ ಪ್ರತಿಯಾಗಿ ಗೊಮ್ಮಟಗಿರಿಯ ಬಿಂಬವು ಬಹುಕಾಲ ಪೂಜೆಯಿಲ್ಲದೆ ನಿಂತಿತ್ತು. 1950ರ ಸುಮಾರಿನಲ್ಲಿ ಅದು ಮತ್ತೆ ಶ್ರಾವಕರ ಗಮನಕ್ಕೆ ಬಂದ ಮೇಲೆ ವರ್ಷವರ್ಷವೂ ಮಸ್ತಕಾಭಿಷೇಕವು ನಡೆದುಬಂದಿದೆ.

ಒಟ್ಟಿನಲ್ಲಿ, ‘ಮಾಡಿಸಿದಂ’ ಎಂಬ ಒಂದು ಪದದ ಹಿಂದೆ ಶಿಲೆಯನ್ನು ಪರೀಕ್ಷಿಸಿದವರು, ಮಾನವನ್ನು ಗೊತ್ತುಪಡಿಸಿದವರು, ಶಿರಸ್ಸಿನಿಂದ ಪಾದದವರೆಗೆ ಕಡೆಯುತ್ತ ಇಳಿದವರು, ಬಂಡಿಯನ್ನು ಎಳೆದವರು, ಕಣ್ಣು ತೆರೆಸಿದವರು ಇಷ್ಟು ಮಂದಿ ಇದ್ದಾರೆ. ಇವರಲ್ಲಿ ರೂವಾರಿಯನ್ನು ಹೆಸರಿನಿಂದ ಗುರುತಿಸಲಾಗದಿದ್ದರೂ ಕೆಲಸದಿಂದ ಗುರುತಿಸಬಹುದು. ಅದಕ್ಕೆ ಎರಡು ಕಾರ್ಯಗಳು ಅಗತ್ಯ. ಅಪೂರ್ಣ ಬಿಂಬಗಳನ್ನು ಭಿನ್ನವೆಂದು ಕಡೆಗಣಿಸದೆ, ಗಾರೆ ಮೆತ್ತಿ ‘ಪೂರ್ಣ’ಗೊಳಿಸದೆ, ಅವುಗಳ ಉಳಿಗುರುತುಗಳೊಡನೆ ಇದ್ದಂತೆಯೇ ರಕ್ಷಿಸಬೇಕು. ಭಂಡಾರಗಳಲ್ಲಿರುವ ಪ್ರತಿಷ್ಠಾಗ್ರಂಥಗಳ ಓಲೆಪ್ರತಿಗಳನ್ನು ಸೂಚಿಯಲ್ಲಿ ಸೇರಿಸುವಾಗ ಮಂತ್ರಭಾಗದಷ್ಟೇ ಶ್ರದ್ಧೆಯಿಂದ ಶಿಲಾಲಕ್ಷಣ ಮತ್ತು ತಾಲಮಾನದ ಭಾಗಗಳನ್ನೂ, ಅಂಚಿನಲ್ಲಿ ಬರೆದ ಅಳತೆಗಳನ್ನೂ ಗುರುತಿಸಬೇಕು. ಓಲೆಪ್ರತಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಪ್ರತಿ ಮುಗಿದ ತಿಥಿಯನ್ನೂ ಬರೆಯುವುದುಂಟು. ಕಲ್ಲಿನ ರೂವಾರಿಗೆ ಆ ಅವಕಾಶವಿರಲಿಲ್ಲ. ಚಂದ್ರಗಿರಿಯ ಬಂಡೆಯಲ್ಲಿ ಮೊಣಕಾಲಿನ ಬಳಿ ನಿಂತುಹೋದ ಕೆತ್ತನೆಯ ಗೆರೆಯೇ ಅವನ ಕೈಬರಹ.